ಮಧುಮೇಹಿ ಹಿರಿಯರು: ಸೋಂಕು ಇಳಿದ ಮೇಲಿನ ಆರೈಕೆ

ಆಸ್ಪತ್ರೆಯಿಂದ ಮನೆಗೆ ಕಳುಹಿಸಿದರೆಂದರೆ ರೋಗವು ವಾಸಿಯಾಯಿತೆಂದೇ ನಾವು ಭಾವಿಸುತ್ತೇವೆ. ಮಧುಮೇಹವಿರುವ ಹಿರಿಯರ ವಿಷಯದಲ್ಲಿ ಹಾಗಲ್ಲ. ನ್ಯುಮೋನಿಯಾ, ಮೂತ್ರನಾಳದ ಸೋಂಕು, ಕಾಲಿನ ಹುಣ್ಣಿನಿಂದ ಏರಿದ ನಂಜು ಮೊದಲಾದವುಗಳಿಂದ ಪಾರಾದವರ ಚೇತರಿಕೆಯು ಮನೆಯಲ್ಲಿ ವಾರಗಟ್ಟಲೆ ನಡೆಯಬೇಕಾದುದು. ಯಲಹಂಕದ ಪುಟ್ಟೇನಹಳ್ಳಿಯಂತಹ ಬಡಾವಣೆಗಳಲ್ಲಿ ಮಕ್ಕಳು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಹಗಲೆಲ್ಲ ಹಿರಿಯರಷ್ಟೇ ಉಳಿಯುವ ಮನೆಗಳುಂಟು. ಅಂತಹ ಕುಟುಂಬಗಳು ಕೆಲವು ಸಂಗತಿಗಳನ್ನು ಮೊದಲೇ ಅರಿತಿರುವುದು ಲೇಸು.

ಸೋಂಕು ತಗುಲಿದಾಗ ಶರೀರವು ಅದನ್ನೆದುರಿಸಲು ಕೆಲವು ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ಅವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುವುದರಿಂದ, ರೋಗಿಯು ಸರಿಯಾಗಿ ಉಣ್ಣದಿದ್ದರೂ ರಕ್ತದ ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯು ಬಿಳಿ ರಕ್ತಕಣಗಳ ಶಕ್ತಿಯನ್ನು ಕುಗ್ಗಿಸಿ ಸೋಂಕಿಗೇ ನೆರವಾಗುತ್ತದೆ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಇದರ ಘೋರ ರೂಪವನ್ನು ಕಂಡೆವು. ಸ್ಟೆರಾಯ್ಡ್ ಪಡೆದು ಸಕ್ಕರೆಯ ಹತೋಟಿ ತಪ್ಪಿದ್ದ ಅನೇಕರಿಗೆ, ಕೋವಿಡ್ ಗುಣವಾಗುತ್ತಿದ್ದಾಗಲೇ 'ಕಪ್ಪು ಶಿಲೀಂಧ್ರ' ರೋಗವು ಅಂಟಿಕೊಂಡಿತು. ಅದರ ಚಿಕಿತ್ಸೆಗೆಂದೇ ಆ ಮೇ ತಿಂಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ವ್ಯವಸ್ಥೆ ಮಾಡಬೇಕಾಯಿತು. ಚೇತರಿಕೆಯ ದಿನಗಳು ಅಪಾಯದ ದಿನಗಳೂ ಆಗಬಲ್ಲವು ಎಂಬುದೇ ಅಂದು ಕಲಿತ ಪಾಠ.

ಇದಕ್ಕೆ ವಿರುದ್ಧವಾದ ಅಪಾಯವೂ ಒಂದುಂಟು. ರೋಗದ ಬಿರುಸಿನಲ್ಲಿ ಹೆಚ್ಚಿಸಿದ ಇನ್ಸುಲಿನ್ ಪ್ರಮಾಣವು ಸೋಂಕು ಇಳಿದ ಮೇಲೆ ಅತಿಯಾಗಿ, ಸಕ್ಕರೆಯು ತೀರ ಕುಸಿಯಬಹುದು. ಆದುದರಿಂದ ವೈದ್ಯರು ಹೇಳಿದಷ್ಟು ಸಲ ಪರೀಕ್ಷಿಸಿ, ಬರೆದಿಟ್ಟು, ಅವರಿಗೆ ತೋರಿಸಬೇಕು. ಊಟ ಕಡಿಮೆಯೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು. ಬೆವರು, ನಡುಕ, ತಡವರಿಸುವ ಮಾತು ಕಂಡುಬಂದು ಸಕ್ಕರೆಯು 70ಕ್ಕಿಂತ ಕೆಳಗಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡತಕ್ಕದ್ದು.

ಪಥ್ಯವೆಂದು ಬರಿಯ ಗಂಜಿ ಉಣಿಸುವ ರೂಢಿ ನಮ್ಮ ಮನೆಗಳಲ್ಲಿದೆ. ಹಾಸಿಗೆ ಹಿಡಿದ ವೃದ್ಧರ ಸ್ನಾಯುಗಳು ಕೆಲವೇ ದಿನಗಳಲ್ಲಿ ಕರಗುತ್ತವೆ. ಅವು ಮರಳಿ ಕೂಡಲು ಸಸಾರಜನಕ ಬೇಕು. ಸಸ್ಯಾಹಾರಿಗಳಾದ ನಮಗೆ ಬೇಳೆ, ಮೊಳಕೆಕಾಳು, ಹಾಲು, ಮೊಸರುಗಳೇ ಅದರ ಆಧಾರ. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಪೂರ್ಣ ಗುಣವಾಗುವವರೆಗೆ ಸೋಮವಾರದ ಉಪವಾಸವನ್ನು ಬಿಡುವುದೇ ಕ್ಷೇಮ. ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕುಳಿತು ಇಷ್ಟಲಿಂಗ ಪೂಜೆ ಮಾಡಿದರೆ ಭಕ್ತಿಗೇನೂ ಕೊರತೆಯಾಗದು. ಮೊದಲು ಮಂಚದಿಂದ ಕುರ್ಚಿಗೆ, ಅನಂತರ ಅಂಗಳಕ್ಕೆ, ಹೀಗೆ ವೈದ್ಯರ ಸಲಹೆಯಂತೆ ದಿನದಿನಕ್ಕೆ ನಡಿಗೆ ಹೆಚ್ಚಬೇಕು.

ಪಾದಗಳನ್ನು ಪ್ರತಿದಿನ ಬೆಳಕಿನಲ್ಲಿ ನೋಡಬೇಕು. ನರಗಳು ಜಡವಾದ ಪಾದಕ್ಕೆ ಮುಳ್ಳು ಚುಚ್ಚಿದರೂ ನೋವು ತಿಳಿಯದು. ಗಾಯಕ್ಕೆ ಅರಿಶಿನವನ್ನೋ ವಿಭೂತಿಯನ್ನೋ ಮೆತ್ತದೆ ವೈದ್ಯರಿಗೆ ತೋರಿಸಬೇಕು.

ಬಹು ಮುಖ್ಯವಾದ ಮಾತೊಂದಿದೆ. ವೃದ್ಧರಲ್ಲಿ ಸೋಂಕು ಮರುಕಳಿಸಿದಾಗ ಜ್ವರ ಬಾರದೆಯೂ ಇರಬಹುದು. ಇದ್ದಕ್ಕಿದ್ದಂತೆ ಮಂಕು, ಅತಿ ನಿದ್ರೆ, ಗುರುತು ತಪ್ಪುವಿಕೆ, ವೇಗದ ಉಸಿರಾಟ, ಮೂತ್ರ ಕಡಿಮೆಯಾಗುವಿಕೆ ಕಂಡರೆ 'ವಯಸ್ಸಾಯಿತು' ಎಂದು ಕಡೆಗಣಿಸದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಚೇತರಿಸಿಕೊಂಡ ಬಳಿಕ ಫ್ಲೂ ಹಾಗೂ ನ್ಯುಮೋಕಾಕಸ್ ಲಸಿಕೆಗಳ ಬಗೆಗೆ ವೈದ್ಯರನ್ನು ವಿಚಾರಿಸುವುದು ಒಳಿತು.

ಸೇವೆಯನ್ನು ನಮ್ಮ ಶರಣರು ಧರ್ಮದ ಅಂಗವೆಂದೇ ಬಗೆದರು. ಹೊತ್ತಿಗೆ ಸರಿಯಾಗಿ ಸಕ್ಕರೆ ನೋಡುವುದು, ಪಾದವನ್ನು ಪರೀಕ್ಷಿಸುವುದು, ತೋಳು ಹಿಡಿದು ನಾಲ್ಕು ಹೆಜ್ಜೆ ನಡೆಸುವುದು, ಇವೂ ಮನೆಯ ಹಿರಿಯರಿಗೆ ಸಲ್ಲಬೇಕಾದ ದಾಸೋಹವೇ ಸರಿ.