ವಿಕೃತಿಮಾಪಕಗಳಲ್ಲಿ ಇಂಗಾಲದ ನ್ಯಾನೋ ನಳಿಕೆ

ಸೇತುವೆಯ ತೊಲೆಯು ಭಾರದಿಂದ ಎಷ್ಟು ಹಿಗ್ಗಿತೆಂಬುದು ಕಣ್ಣಿಗೆ ಕಾಣುವ ವಿಷಯವಲ್ಲ. ಆದರೂ ಅದನ್ನು ಅಳೆದು ತಿಳಿಯದಿದ್ದರೆ ಬರಲಿರುವ ಅಪಾಯವು ಗೊತ್ತಾಗದು. ಮೂಲದ ಉದ್ದದಲ್ಲಿ ಎಷ್ಟನೆಯ ಪಾಲು ಹೆಚ್ಚಿತೋ ಆ ಪ್ರಮಾಣಕ್ಕೆ ವಿಜ್ಞಾನದಲ್ಲಿ ವಿಕೃತಿಯೆಂದು ಹೆಸರು. ಲೋಕರೂಢಿಯಲ್ಲಿ ಈ ಶಬ್ದಕ್ಕಿರುವ ದೂಷಣಾರ್ಥವು ಇಲ್ಲಿಲ್ಲ.

ಲೋಹದ ತಂತಿಯನ್ನೆಳೆದರೆ ಅದರ ವಿದ್ಯುದ್ರೋಧವು ಬದಲಾಗುವುದೆಂದು ವಿಲಿಯಂ ಥಾಮ್ಸನ್ನನು 1856ರಲ್ಲಿ ತೋರಿಸಿದನು. ಈ ತತ್ತ್ವವನ್ನೇ ಹಿಡಿದು 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಗೆ ಎಂಬುವರು, ಒಬ್ಬರ ಕೆಲಸವನ್ನೊಬ್ಬರು ಅರಿಯದೆ, ವಸ್ತುವಿಗೆ ಅಂಟಿಸುವ ತಂತಿಯ ಮಾಪಕವನ್ನು ರಚಿಸಿದರು. ರೋಧವು ಎಷ್ಟನೆಯ ಪಾಲು ಹೆಚ್ಚಿತೋ ಅದನ್ನು ವಿಕೃತಿಯಿಂದ ಭಾಗಿಸಿದರೆ ಬರುವುದು ಮಾಪಕಾಂಕ. ಸಂವೇದನಶೀಲತೆಯ ಅಳತೆಯು ಇದೇ. ಸಾಮಾನ್ಯ ಲೋಹಮಾಪಕದಲ್ಲಿ ಅದು ಸುಮಾರು 2. ಎಂದರೆ, 350 ಓಮ್ ರೋಧದ ಮಾಪಕವು ಸಾವಿರದಲ್ಲೊಂದು ಪಾಲು ಹಿಗ್ಗಿದರೆ ರೋಧವು 0.7 ಓಮ್ ಮಾತ್ರ ಏರುವುದು. ತಂತಿಯು ಉದ್ದವಾಗಿ ತೆಳುವಾಗುವುದೇ ಇದಕ್ಕೆ ಮುಖ್ಯ ಕಾರಣ.

ಪಾಲಿಮರಿನ ಮಾಪಕದಲ್ಲಿ ಕಾರಣವು ಬೇರೆ. ಪಾಲಿಮರುಗಳು ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡವು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರ ವರ್ಣನೆಯಿಂದ ಪ್ರಸಿದ್ಧಿಗೆ ಬಂದ ಇಂಗಾಲದ ನ್ಯಾನೋ ನಳಿಕೆಗಳನ್ನು ಅದರಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹೋದರೆ, ಒಂದು ಹಂತದಲ್ಲಿ ಅವು ಬಲೆಯಂತೆ ಹೆಣೆದುಕೊಂಡು, ವಿದ್ಯುದ್ವಾಹಕತೆಯು ಒಮ್ಮೆಲೇ ಸಾವಿರಾರು ಮಡಿ ಏರುವುದು. ಈ ಹಂತವನ್ನು ಹೊಸ್ತಿಲೆನ್ನೋಣ. ನಳಿಕೆಗಳು ದಪ್ಪಕ್ಕಿಂತ ಬಹುಪಾಲು ನೀಳವಾಗಿರುವುದರಿಂದ, ಅನೇಕ ಮಿಶ್ರಣಗಳಲ್ಲಿ ತೂಕದ ನೂರಕ್ಕೊಂದು ಪಾಲಿಗಿಂತ ಕಡಮೆಯಲ್ಲಿಯೇ ಹೊಸ್ತಿಲು ದಾಟುವುದು.

ಆ ಬಲೆಯಲ್ಲಿ ನಳಿಕೆಗಳೆಲ್ಲವೂ ಒಂದನ್ನೊಂದು ಮುಟ್ಟಿರುವುದಿಲ್ಲ. ಹಲವೆಡೆ ಒಂದೆರಡು ನ್ಯಾನೋಮೀಟರಿನಷ್ಟು ಪಾಲಿಮರಿನ ಪೊರೆಯು ನಡುವೆ ಉಳಿದಿರುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರು. ಇಲೆಕ್ಟ್ರಾನುಗಳು ಸುರಂಗಕ್ರಿಯೆಯಿಂದ ಈ ಪೊರೆಯನ್ನು ದಾಟುತ್ತವೆ. ಎಳೆದಾಗ ಬಿರುಸಾದ ನಳಿಕೆಯು ಹೆಚ್ಚಾಗಿ ಹಿಗ್ಗದು, ಎಡೆಯೇ ಅಗಲವಾಗುವುದು. ಎಡೆಯು ಸಮಸಮವಾಗಿ ಬೆಳೆದಂತೆ ಅಲ್ಲಿಯ ರೋಧವು ಗುಣೋತ್ತರಶ್ರೇಢಿಯಲ್ಲಿ ಏರುವುದು. ಆದುದರಿಂದ ಈ ಮಾಪಕದ ಸಂವೇದನೆಯು ಮುಖ್ಯವಾಗಿ ನಳಿಕೆಗಳ ನಡುವಣ ಎಡೆಗಳಲ್ಲಿದೆ.

ಹೀಗಿರಲು, ಇಂಗಾಲವನ್ನು ಹೆಚ್ಚಿಸಿದಷ್ಟೂ ಮಾಪಕವು ಉತ್ತಮವಾಗುವುದೆಂಬ ಊಹೆಯು ಸರಿಯಲ್ಲ. ನಳಿಕೆಗಳು ದಟ್ಟವಾದರೆ ಒಂದು ಹಾದಿ ಕಡಿದರೂ ಇನ್ನೊಂದು ತೆರೆದಿರುವುದರಿಂದ ರೋಧವು ಅಷ್ಟಾಗಿ ಬದಲಾಗದು. ಹೊಸ್ತಿಲಿನ ಸಮೀಪದಲ್ಲಿ ಹಾದಿಗಳು ವಿರಳ. ಅಲ್ಲಿ ಮಾಪಕಾಂಕವು ಲೋಹದ್ದಕ್ಕಿಂತ ಹಲವು ಮಡಿ ಹೆಚ್ಚಾಗಬಲ್ಲುದು. ಆದರೆ ಬೆರಕೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಅಲ್ಲಿಯೇ ಫಲವು ಬಹಳ ಬೇರೆಯಾಗುವುದು. ಎಳೆದು ಬಿಟ್ಟ ಪಾಲಿಮರು ಹೋದ ದಾರಿಯಲ್ಲಿಯೇ ಹಿಂದಿರುಗದು. ಉಷ್ಣತೆಯೂ ರೋಧವನ್ನು ಬದಲಿಸುವುದು. ಸೇತುವೆಯ ಕ್ಷೇಮವನ್ನು ಇಂಥ ಮಾಪಕಕ್ಕೆ ಒಪ್ಪಿಸುವ ಮೊದಲು, ಅದರ ಮಾಪಕಾಂಕವು ಎಷ್ಟು ವಿಕೃತಿಯವರೆಗೆ, ಯಾವ ಉಷ್ಣತೆಯಲ್ಲಿ, ಎಷ್ಟು ಸಲ ಎಳೆದು ಬಿಟ್ಟಮೇಲೆ ದೊರೆತುದೆಂಬುದನ್ನು ವಿಚಾರಿಸತಕ್ಕದ್ದು.