ವಿಮಾನದ ದೂರವೂ ಪ್ರಯಾಣದ ಹೊತ್ತೂ

ಸೋಲೂರಿನವರು ವಿಮಾನದಲ್ಲಿ ಮಂಗಳೂರಿಗೆ ಹೋಗಬೇಕಾದರೆ ಮೊದಲು ಮಂಗಳೂರಿಗೆ ಬೆನ್ನು ಹಾಕಿ ಹೊರಡಬೇಕು. ಪಡುವಣ ಕಡಲ ತೀರಕ್ಕೆ ಹೋಗತಕ್ಕವರು ನೆಲಮಂಗಲ, ದೊಡ್ಡಬಳ್ಳಾಪುರಗಳನ್ನು ಹಾಯ್ದು, ಮೂಡಲಿಗಿರುವ ದೇವನಹಳ್ಳಿಗೆ ಸುಮಾರು 70 ಕಿಲೋಮೀಟರು ಸಾಗಬೇಕಷ್ಟೆ. 2008ರಲ್ಲಿ ಆರಂಭವಾದ ಈ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಆದರೆ ಮಾಗಡಿ ಸೀಮೆಯವರಿಗೆ ಹೆಸರು ಹತ್ತಿರವಾದಷ್ಟು ನಿಲ್ದಾಣವು ಹತ್ತಿರವಾಗಿಲ್ಲ. ಇನ್ನೊಂದು ಸೋಜಿಗವುಂಟು. ಭೂಪಟದಲ್ಲಿ ದೇವನಹಳ್ಳಿಯಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ನೇರವಾಗಿ ಗೆರೆಯೆಳೆದರೆ, ಅದು ಸೋಲೂರಿಗೆ ಉತ್ತರದಲ್ಲಿ ಸುಮಾರು ಹತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಹಾದುಹೋಗುತ್ತದೆ!

ಈ ಗೆರೆಯ ಉದ್ದವು ಸುಮಾರು 305 ಕಿಲೋಮೀಟರು. ಟಿಕೀಟಿನಲ್ಲಿ ಒಂದು ಗಂಟೆಯೆಂದೋ, ಇನ್ನೂ ಹತ್ತು ನಿಮಿಷ ಹೆಚ್ಚೆಂದೋ ಬರೆದಿರುತ್ತದೆ. ಗಂಟೆಗೆ 800 ಕಿಲೋಮೀಟರು ಹಾರಬಲ್ಲ ಯಂತ್ರಕ್ಕೆ ಇಷ್ಟು ಹೊತ್ತೇಕೆ? ವಿಮಾನವು ನಿಂತ ತಾಣವನ್ನು ಬಿಟ್ಟು ಕದಲಿದಂದಿನಿಂದ, ಇಳಿದು ಮತ್ತೆ ನಿಲ್ಲುವವರೆಗಿನ ಕಾಲವೆಲ್ಲವೂ ಆ ಲೆಕ್ಕಕ್ಕೆ ಸೇರುತ್ತದೆ. ನೆಲದ ಮೇಲೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಇವು ಹಾದಿ ಗಿಡ್ಡವಾದರೂ ಕಡಮೆಯಾಗುವುವಲ್ಲ. ಎದುರುಗಾಳಿಯಿದ್ದರೆ ಇನ್ನಷ್ಟು ತಡ. ಬೀದರವು ದೇವನಹಳ್ಳಿಯಿಂದ ಸುಮಾರು 520 ಕಿಲೋಮೀಟರು; ಆದರೂ ಅದೇ ಬಗೆಯ ವಿಮಾನಕ್ಕೆ ಹೆಚ್ಚಾಗಿ ಬೇಕಾಗುವುದು ಇಪ್ಪತ್ತು ನಿಮಿಷದಷ್ಟು ಮಾತ್ರ.

ಕರಾವಳಿಗೆ ಮಗಳನ್ನು ಕೊಟ್ಟ ಮನೆಗೆ ನಡುರಾತ್ರಿಯಲ್ಲಿ ದೂರವಾಣಿ ಕರೆ ಬಂದಿತೆನ್ನಿ. ಬೀಗರಿಗೆ ಕಾಯಿಲೆ ಬಲಿತಿದೆ, ಕೂಡಲೆ ಬನ್ನಿರಿ ಎಂದು. ಆಗ ವಿಮಾನವೇ ಬೇಗನೆಂದು ಎಲ್ಲರೂ ಹೇಳುವರು. ಲೆಕ್ಕ ಹಾಕಿ ನೋಡೋಣ. ದೇವನಹಳ್ಳಿಗೆ ಎರಡು ಗಂಟೆ, ತಪಾಸಣೆಗೂ ಕಾಯುವುದಕ್ಕೂ ಎರಡು ಗಂಟೆ, ಹಾರಾಟಕ್ಕೆ ಒಂದು, ಬಜಪೆಯಲ್ಲಿ ಗಂಟುಮೂಟೆ ಬಿಡಿಸಿಕೊಂಡು ಪೇಟೆಗೆ ಇಳಿಯಲು ಮತ್ತೊಂದು. ಒಟ್ಟು ಆರು ಗಂಟೆ, ಅದೂ ಸಮಯಕ್ಕೆ ಸರಿಯಾಗಿ ವಿಮಾನವಿದ್ದರೆ! ಸೋಲೂರಿನ ಹೆದ್ದಾರಿಯಲ್ಲೇ ಮೋಟಾರು ಹತ್ತಿದರೆ ಕುಣಿಗಲು, ಹಾಸನ, ಸಕಲೇಶಪುರ, ಶಿರಾಡಿ ಘಟ್ಟಗಳ ಮಾರ್ಗವಾಗಿ ಸುಮಾರು 300 ಕಿಲೋಮೀಟರು. ಆರೇಳು ಗಂಟೆಗಳಲ್ಲಿ ಮಂಗಳೂರು. ರಾತ್ರಿಯೇ ಹೊರಟವರು ಬೆಳಗಿನ ವಿಮಾನವು ನೆಲ ಬಿಡುವ ಮೊದಲೇ ರೋಗಿಯ ಮಗ್ಗುಲಲ್ಲಿರಬಹುದು. ನಮ್ಮ ಮತವು ಮೋಟಾರಿನ ಕಡೆಗೇ. ಮಳೆಗಾಲದ ಮಾತು ಬೇರೆ: ಘಟ್ಟದಲ್ಲಿ ಮಣ್ಣು ಕುಸಿದರೆ ರಸ್ತೆ ಮುಚ್ಚುವುದು. ಆದರೆ ಬಜಪೆಯ ನಿಲ್ದಾಣವೂ ಗುಡ್ಡದ ನೆತ್ತಿಯ ಮೇಲಿರುವುದರಿಂದ, ಮೋಡ ಕವಿದ ದಿನ ವಿಮಾನವು ಇಳಿಯಲಾರದೆ ಬೇರೆ ಊರಿಗೆ ಹೋಗುವುದೂ ಉಂಟು.

ಬೀದರಿಗಾದರೆ ನ್ಯಾಯವು ತಿರುಗುತ್ತದೆ. ರಸ್ತೆಯಲ್ಲಿ ಒಂದು ಇಡೀ ರಾತ್ರಿಯೂ ಸಾಲದ ಹಾದಿಯದು. 2020ರ ಫೆಬ್ರವರಿಯಲ್ಲಿ ಅಲ್ಲಿಗೆ ವಿಮಾನ ಸಂಚಾರವು ಮೊದಲಾಯಿತು. ನಡುವೆ ನಿಂತು, 2025ರಲ್ಲಿ ಪುನಃ ಆರಂಭವಾಯಿತು. ಇಂಥ ಸಣ್ಣ ನಿಲ್ದಾಣಗಳ ವಿಷಯದಲ್ಲಿ ದೂರಕ್ಕಿಂತ ಮೊದಲು ಯಾವ ವಾರಗಳಲ್ಲಿ ವಿಮಾನವುಂಟೆಂದು ವಿಚಾರಿಸತಕ್ಕದ್ದು. ಬೀದರದಿಂದ ಮಂಗಳೂರಿಗೆ ಹಕ್ಕಿಯ ಹಾದಿ ಸುಮಾರು 615 ಕಿಲೋಮೀಟರು. ದೇವನಹಳ್ಳಿಯನ್ನು ಸುತ್ತಿ ಬಂದರೆ 830ರ ಹತ್ತಿರ. ಹೆಚ್ಚಾದ ಹಾರಾಟಕ್ಕೆ ಕಾಲು ಗಂಟೆಯೇ ಆದರೂ, ಒಂದು ವಿಮಾನದಿಂದಿಳಿದು ಮತ್ತೊಂದಕ್ಕಾಗಿ ಬೆಂಚಿನ ಮೇಲೆ ಕಾಯುವ ಹೊತ್ತನ್ನೂ ಬುತ್ತಿಯ ಜೊತೆಗೆ ಕಟ್ಟಿಕೊಂಡೇ ಹೊರಡಬೇಕು.