ರಾಗಿಗೊಂದು ದಾರಿ, ಜೋಳಕ್ಕೊಂದು ದಾರಿ

ಭತ್ತವೂ ಹುಲ್ಲೇ, ರಾಗಿಯೂ ಹುಲ್ಲೇ. ಗೋಧಿ, ಜೋಳ, ಕಬ್ಬು, ಬಿದಿರು, ಗಣಪತಿಗೆ ಏರಿಸುವ ಗರಿಕೆ, ಎಲ್ಲವೂ 11,000ಕ್ಕೂ ಹೆಚ್ಚು ಪ್ರಭೇದಗಳಿರುವ ಒಂದೇ ಕುಟುಂಬದವು. ಆದರೆ ಬಿಸಿಲು ನೆತ್ತಿಗೇರುತ್ತಿದ್ದಂತೆ ಈ ಕುಟುಂಬ ಎರಡು ಪಾಲಾಗುತ್ತದೆ. ಭತ್ತ, ಗೋಧಿಗಳ ಎಲೆ ಹಿಡಿದ ಇಂಗಾಲದಲ್ಲಿ ಒಂದು ಪಾಲನ್ನು ಹಾಗೇ ಗಾಳಿಗೆ ಬಿಟ್ಟುಕೊಡುತ್ತದೆ. ರಾಗಿ, ಜೋಳ, ಕಬ್ಬು, ಗರಿಕೆಗಳಿಗೆ ಆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಸ್ವಾರಸ್ಯ ಇರುವುದು ಇನ್ನೂ ಮುಂದೆ: ರಾಗಿ ಮತ್ತು ಜೋಳ ಈ ವಿದ್ಯೆಯನ್ನು ಒಬ್ಬನೇ ಪೂರ್ವಜನಿಂದ ಪಡೆದಿಲ್ಲ. ಎರಡೂ ಬೇರೆ ಬೇರೆಯಾಗಿ ಕಲಿತವು.

ನಷ್ಟಕ್ಕೆ ಕಾರಣ ರುಬಿಸ್ಕೊ ಎಂಬ ಕಿಣ್ವ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವುದು ಇದರ ಕೆಲಸ. ಇದು ಹುಟ್ಟಿದ್ದು ಭೂಮಿಯ ಗಾಳಿಯಲ್ಲಿ ಆಮ್ಲಜನಕ ಹೆಸರಿಗಷ್ಟೇ ಇದ್ದ ಕಾಲದಲ್ಲಿ. ಹಾಗಾಗಿ ಎರಡನ್ನೂ ಸರಿಯಾಗಿ ಬೇರ್ಪಡಿಸುವ ಅಗತ್ಯ ಅದಕ್ಕೆ ಬರಲೇ ಇಲ್ಲ. ಈಗಲೂ ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಕಡೆ ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆ ತಪ್ಪನ್ನು ತಿದ್ದಲು ಗಿಡ ಶಕ್ತಿ ವ್ಯಯಿಸಬೇಕು, ಗಳಿಸಿದ್ದ ಇಂಗಾಲವನ್ನೂ ಕಳೆದುಕೊಳ್ಳಬೇಕು. ಬಿಸಿ ಏರಿದಷ್ಟೂ ತಪ್ಪು ಹೆಚ್ಚು. ಮೇಲಾಗಿ ಈ ಕಿಣ್ವ ಮಹಾ ನಿಧಾನಿ. ಗಿಡಗಳಲ್ಲಿ ಸೆಕೆಂಡಿಗೆ ಮೂರ್ನಾಲ್ಕು ಅಣುಗಳನ್ನು ಮುಗಿಸಿದರೆ ಹೆಚ್ಚು.

ಇದಕ್ಕೊಂದು ಪರಿಹಾರ ಇದೆಯೆಂಬ ಸುಳಿವು ಕೊಟ್ಟದ್ದು ಕಬ್ಬು. ಹವಾಯಿಯ ಕಬ್ಬು ಬೆಳೆಗಾರರ ಸಂಘದ ಪ್ರಯೋಗಾಲಯದಲ್ಲಿ ಹ್ಯೂಗೊ ಕೊರ್ಟ್‌ಷಾಕ್, ಕಾನ್‌ಸ್ಟನ್ಸ್ ಹಾರ್ಟ್ ಮತ್ತು ಜಾರ್ಜ್ ಬರ್ ವಿಕಿರಣಶೀಲ ಇಂಗಾಲವನ್ನು ಎಲೆಗೆ ಉಣಿಸಿ, ಅದು ಮೊದಲು ಎಲ್ಲಿ ಕಾಣಿಸುತ್ತದೆಂದು ಹುಡುಕಿದರು. ಪಠ್ಯಪುಸ್ತಕದ ಪ್ರಕಾರ ಮೂರು ಇಂಗಾಲಗಳ ಸಂಯುಕ್ತ ಸಿಗಬೇಕಿತ್ತು. ಸಿಕ್ಕಿದ್ದು ನಾಲ್ಕು ಇಂಗಾಲಗಳ ಮ್ಯಾಲೇಟ್ ಮತ್ತು ಆಸ್ಪಾರ್ಟೇಟ್. 1965ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು. ರಷ್ಯಾದ ಯೂರಿ ಕಾರ್ಪಿಲೋವ್ 1960ರಲ್ಲೇ ಮೆಕ್ಕೆಜೋಳದಲ್ಲಿ ಇಂಥದ್ದನ್ನು ಕಂಡಿದ್ದರೂ ಹೊರಗೆ ಹೆಚ್ಚು ಜನ ಓದಲಿಲ್ಲ. ಬ್ರಿಸ್ಬೇನ್‌ನ ಸಕ್ಕರೆ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದ ಹಾಲ್ ಹ್ಯಾಚ್ ಮತ್ತು ರೋಜರ್ ಸ್ಲಾಕ್ 1966ರಿಂದ ಮುಂದಕ್ಕೆ ಇಡೀ ಮಾರ್ಗವನ್ನು ಬಿಡಿಸಿಟ್ಟರು. ನಾಲ್ಕು ಇಂಗಾಲದ ಲೆಕ್ಕದಿಂದ ಅದಕ್ಕೆ ಸಿ4 ಎಂಬ ಹೆಸರು ನಿಂತಿತು. ಭತ್ತದ ಹಳೆಯ ಪದ್ಧತಿ ಸಿ3.

ಜೋಳದ ಎಲೆಯನ್ನು ಅಡ್ಡಲಾಗಿ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಉಪಾಯ ಕಣ್ಣಿಗೇ ಕಾಣುತ್ತದೆ. ಪ್ರತಿ ನರದ ಸುತ್ತ ದಪ್ಪ ದಪ್ಪ ಕೋಶಗಳ ಕಡುಹಸಿರು ಉಂಗುರ. ಅದರಾಚೆ ತಿಳಿಹಸಿರಿನ ಇನ್ನೊಂದು ಸುತ್ತು. ಅಕ್ಕಪಕ್ಕದ ಎರಡು ನರಗಳ ಕಡುಹಸಿರು ಉಂಗುರಗಳ ನಡುವೆ ಹೆಚ್ಚೆಂದರೆ ಎರಡೇ ಸಾಮಾನ್ಯ ಕೋಶಗಳು. ಭತ್ತದ ಎಲೆಯಲ್ಲಿ ಆ ಜಾಗದಲ್ಲಿ ಎಂಟರ ಆಸುಪಾಸು ಕೋಶಗಳಿರುತ್ತವೆ, ನರದ ಸುತ್ತಿನ ಕವಚಕೋಶಗಳು ಬಣ್ಣಗೆಟ್ಟು ಪೇಲವವಾಗಿರುತ್ತವೆ. ಜೋಳದಲ್ಲಿ ಹೊರಸುತ್ತಿನ ಕೋಶಗಳು ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೊಂದು ಕಿಣ್ವದಿಂದ ಇಂಗಾಲವನ್ನು ಹಿಡಿಯುತ್ತವೆ. ಆಮ್ಲಜನಕದ ಗೊಂದಲ ಅದಕ್ಕಿಲ್ಲ. ಹಿಡಿದದ್ದನ್ನು ಕವಚಕೋಶಕ್ಕೆ ಸಾಗಿಸಿ ಅಲ್ಲಿ ಬಿಡುತ್ತವೆ. ಇಂಗಾಲದ ಡೈಆಕ್ಸೈಡ್ ಕಿಕ್ಕಿರಿದ ಆ ಕೋಣೆಯಲ್ಲಿ ರುಬಿಸ್ಕೊಗೆ ತಪ್ಪು ಮಾಡಲು ಆಸ್ಪದವೇ ಕಡಿಮೆ. ಪತ್ರರಂಧ್ರಗಳನ್ನು ಅರೆತೆರೆದಿಟ್ಟೂ ಕೆಲಸ ಸಾಗುವುದರಿಂದ ನೀರೂ ಉಳಿಯುತ್ತದೆ.

ಇಷ್ಟು ಜಟಿಲವಾದದ್ದು ಒಂದು ಬಾರಿ ಹುಟ್ಟಿದ್ದರೇ ಸೋಜಿಗವೆನ್ನಬೇಕು. ಹುಲ್ಲುಗಳಲ್ಲೇ ಇದು 22ರಿಂದ 24 ಬಾರಿ ಸ್ವತಂತ್ರವಾಗಿ ಹುಟ್ಟಿದೆಯೆಂದು 2012ರ ವಂಶವೃಕ್ಷದ ಅಧ್ಯಯನ ಲೆಕ್ಕಹಾಕಿತು. ಅದರ ಸಾಕ್ಷಿ ಕರ್ನಾಟಕದ ಸಿರಿಧಾನ್ಯದ ಅಂಗಡಿಯಲ್ಲೇ ಸಿಗುತ್ತದೆ. ರಾಗಿ ಮತ್ತು ಗರಿಕೆ ಒಂದು ಕವಲು. ಜೋಳ, ಮೆಕ್ಕೆಜೋಳ, ಕಬ್ಬು ಇನ್ನೊಂದು. ಹಾರಕದ್ದು ಮತ್ತೊಂದು, ಊದಲಿನದು ಮಗದೊಂದು. ನವಣೆ, ಸಜ್ಜೆ, ಸಾಮೆ, ಬರಗು, ಕೊರಲೆ ಒಟ್ಟಾಗಿ ಐದನೆಯ ಕವಲು. ಆ ಒಂದು ಕವಲಿನೊಳಗೂ ಜಗಳವಿದೆ: ಕವಚಕೋಶದಲ್ಲಿ ಇಂಗಾಲವನ್ನು ಬಿಡಿಸಿಕೊಳ್ಳುವ ಮುಖ್ಯ ಕಿಣ್ವ ನವಣೆಯದು ಒಂದು, ಸಾಮೆಯದು ಒಂದು, ಕೊರಲೆಯದು ಇನ್ನೊಂದು. ಒಂದೇ ಚೀಲದಲ್ಲಿ ಬೆರೆಸಿ ಮಾರುವ ‘ಮಿಲೆಟ್ ಮಿಕ್ಸ್’ ಎಂದರೆ ಜೀವವಿಕಾಸದ ಹಲವು ಪ್ರತ್ಯೇಕ ಪ್ರಯತ್ನಗಳ ಕಲಸುಮೇಲೋಗರ.

ವಂಶವಾಹಿಗಳ ಮಟ್ಟದಲ್ಲಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಸಿ4 ಮಾರ್ಗಕ್ಕೆ ಬೇಕಾದ ಕಿಣ್ವಗಳಲ್ಲಿ ಒಂದೂ ಹೊಸದಲ್ಲ. ಪೆಪ್ ಕಾರ್ಬಾಕ್ಸಿಲೇಸ್ ಭತ್ತದಲ್ಲೂ ಇದೆ, ಸಣ್ಣಪುಟ್ಟ ಕೆಲಸಗಳನ್ನು ನೋಡಿಕೊಂಡಿದೆ. ವಿಕಾಸ ಹೊಸಬರನ್ನು ನೇಮಿಸಲಿಲ್ಲ. ಮೂಲೆಯ ಮೇಜಿನಲ್ಲಿದ್ದ ಗುಮಾಸ್ತನನ್ನು ಬೇರೆ ಕಚೇರಿಗೆ ವರ್ಗಮಾಡಿ ನೂರುಪಟ್ಟು ಕಡತ ಹೊರಿಸಿತು. ಹೊಸ ಹೊರೆಗೆ ತಕ್ಕಂತೆ ಕಿಣ್ವವನ್ನು ಅಲ್ಲಲ್ಲಿ ತಿದ್ದಬೇಕಾಯಿತು. 2007ರಲ್ಲಿ ಪಾಸ್ಕಲ್-ಆಂಟ್ವಾನ್ ಕ್ರಿಸ್ಟಿನ್ ಮತ್ತು ಸಂಗಡಿಗರು ಹುಲ್ಲುಗಳ ಈ ವಂಶವಾಹಿಯನ್ನು ಹೋಲಿಸಿದಾಗ, ಕನಿಷ್ಠ ಎಂಟು ಬಾರಿ ನಡೆದ ತಿದ್ದುಪಡಿಗಳು 21 ಸ್ಥಾನಗಳಲ್ಲಿ ಮತ್ತೆ ಮತ್ತೆ ಕಂಡವು. 780ನೆಯ ಸ್ಥಾನದ ಅಲನೈನ್ ಎಂಬ ಅಮೈನೊ ಆಮ್ಲ ಪದೇ ಪದೇ ಸೆರೀನ್ ಆಗಿತ್ತು. ಹುಲ್ಲಿಗೆ ನಂಟೇ ಇಲ್ಲದ, ಸೂರ್ಯಕಾಂತಿ ಕುಟುಂಬದ ಫ್ಲವೇರಿಯಾ ಎಂಬ ಗಿಡದಲ್ಲೂ ಇದೇ ಬದಲಾವಣೆ ಮೊದಲೇ ಪತ್ತೆಯಾಗಿತ್ತು.

ಹಾಗಾದರೆ ಭತ್ತ, ಗೋಧಿ, ಬಿದಿರಿನ ಕವಲಿನಲ್ಲಿ ಒಂದೇ ಒಂದು ಬಾರಿಯೂ ಸಿ4 ಏಕೆ ಹುಟ್ಟಲಿಲ್ಲ? ಮುಖ್ಯ ಉತ್ತರ ಎಲೆಯ ರಚನೆಯಲ್ಲಿದೆ. ರಾಗಿ-ಜೋಳದ ಕಡೆಯ ಹುಲ್ಲುಗಳ ಪೂರ್ವಜರಲ್ಲಿ ಸಿ4 ಬರುವುದಕ್ಕೂ ಮುಂಚೆಯೇ ಕವಚಕೋಶಗಳ ಪಾಲು ಹೆಚ್ಚಿತ್ತೆಂದು 2013ರಲ್ಲಿ ಕ್ರಿಸ್ಟಿನ್ ತಂಡವೇ ತೋರಿಸಿತು. ಕೋಣೆ ಮೊದಲೇ ಕಟ್ಟಿಯಾಗಿತ್ತು, ಒಕ್ಕಲು ಬರುವುದಷ್ಟೇ ಬಾಕಿ. ಭತ್ತದ ಜೊತೆ ಜೋಳದ ಕೋಶಗಳನ್ನು ಒಂದೊಂದಾಗಿ ಹೋಲಿಸಿದ 2024ರ ಅಧ್ಯಯನವೊಂದು ಇನ್ನೊಂದು ಕೊಂಡಿಯನ್ನು ಬಿಚ್ಚಿಟ್ಟಿತು. ಕವಚಕೋಶಗಳಲ್ಲಿ ಡಾಫ್ ಎಂಬ ನಿಯಂತ್ರಕ ಪ್ರೋಟೀನುಗಳು ಎರಡರಲ್ಲೂ ಹಿಂದಿನಿಂದಲೇ ಇವೆ. ಜೋಳದಲ್ಲಿ ದ್ಯುತಿಸಂಶ್ಲೇಷಣೆಯ ವಂಶವಾಹಿಗಳು ಆ ಪ್ರೋಟೀನುಗಳಿಗೆ ಓಗೊಡುವ ಚಿಕ್ಕ ಡಿಎನ್‌ಎ ಗುರುತುಗಳನ್ನು ಗಳಿಸಿಕೊಂಡವು. ಅಷ್ಟರಿಂದಲೇ ಅವು ಹೊಸ ಕೋಶದಲ್ಲಿ ಎಚ್ಚರಗೊಂಡವು.

ಕಲಿಯುವ ಗೋಜಿಗೇ ಹೋಗದೆ ಕದ್ದವೂ ಇವೆ. ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳಲ್ಲಿ ಬೆಳೆಯುವ ಅಲೊಟೆರಾಪ್ಸಿಸ್ ಸೆಮಿಯಲಾಟಾ ಎಂಬ ಹುಲ್ಲಿನ ಒಂದೇ ಪ್ರಭೇದದೊಳಗೆ ಸಿ3 ಗಿಡಗಳಿವೆ, ಸಿ4 ಗಿಡಗಳಿವೆ, ನಡುವಿನವೂ ಇವೆ. ಇದರ ಬಂಧುಬಳಗದ ಸಿ4 ವಂಶವಾಹಿಗಳಲ್ಲಿ ಕೆಲವು ತಮ್ಮ ಪೂರ್ವಜರವಲ್ಲ, ದೂರದ ಬೇರೆ ಹುಲ್ಲುಗಳವು ಎಂದು 2012ರಲ್ಲಿ ತಿಳಿಯಿತು. 2019ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದ ತಂಡ ಇದರ ಪೂರ್ಣ ಜೀನೋಮನ್ನು ಜಾಲಾಡಿದಾಗ ಕನಿಷ್ಠ ಒಂಬತ್ತು ದಾನಿಗಳಿಂದ ಬಂದ 59 ವಂಶವಾಹಿಗಳು ಸಿಕ್ಕವು. ಕುಲಾಂತರಿ ಬೆಳೆ ಬೇಕೋ ಬೇಡವೋ ಎಂದು ಮನುಷ್ಯರು ವಾದಿಸುತ್ತಿರುವಾಗ, ಈ ಹುಲ್ಲು ಯಾರ ಅಪ್ಪಣೆಗೂ ಕಾಯದೆ ಕುಲಾಂತರಿಯಾಗಿ ಕುಳಿತಿದೆ.

ಹುಲ್ಲುಗಳು ಹಳಬರು. ಮಹಾರಾಷ್ಟ್ರದ ಪಿಸ್ದೂರಾದಲ್ಲಿ ದೊರೆತ ಡೈನೋಸಾರ್ ಲದ್ದಿಯ ಪಳೆಯುಳಿಕೆಯಲ್ಲಿ ವಂದನಾ ಪ್ರಸಾದ್ ಮತ್ತು ಸಂಗಡಿಗರು 2005ರಲ್ಲಿ ಹುಲ್ಲಿನ ಸಿಲಿಕಾ ಕಣಗಳನ್ನು ಗುರುತಿಸಿದ್ದರು. ಸಿ4 ಬಂದದ್ದು ಅದಕ್ಕಿಂತ ಬಹಳ ತಡವಾಗಿ, ಸುಮಾರು 3 ಕೋಟಿ ವರ್ಷಗಳ ಹಿಂದೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಗಣನೀಯವಾಗಿ ಕುಸಿದ ಮೇಲೆ. ಬಂದ ಕೂಡಲೇ ನೆಲವನ್ನು ಆಳಲೂ ಇಲ್ಲ. ಸಿ4 ಎಲೆಗಳಲ್ಲಿ ಇಂಗಾಲ-13ರ ಪಾಲು ತುಸು ಹೆಚ್ಚು. ಆ ಗುರುತು ಮಣ್ಣಿನ ಸುಣ್ಣದ ಗಂಟುಗಳಲ್ಲಿ ಉಳಿಯುತ್ತದೆ. ಪಾಕಿಸ್ತಾನದ ಶಿವಾಲಿಕ್ ಪದರಗಳ ಗಂಟುಗಳನ್ನು ಅಳೆದ ಜೇ ಕ್ವೇಡ್, ತುರೆ ಸರ್ಲಿಂಗ್ ಮತ್ತು ಜಾನ್ ಬೋಮನ್ ಸಿ4 ಹುಲ್ಲುಗಾವಲು ಅಲ್ಲಿ ಹಬ್ಬಿದ್ದು ಸುಮಾರು 70 ಲಕ್ಷ ವರ್ಷಗಳ ಹಿಂದೆಯಷ್ಟೇ ಎಂದು 1989ರಲ್ಲಿ ಹೇಳಿದರು. ಇದೇ ಗುರುತನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ನೀಲಗಿರಿಯ ಜೌಗು ಮಣ್ಣಿನಲ್ಲಿ ಓದಿದರು. ಕಳೆದ ಹಿಮಯುಗದ ಶುಷ್ಕ ಕಾಲದಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಅಲ್ಲಿ ಸಿ4 ಹುಲ್ಲಿನದೇ ಮೇಲುಗೈ.

ಪ್ರಕೃತಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಮಾಡಿದ್ದನ್ನು ಭತ್ತದಲ್ಲಿ ಒಮ್ಮೆ ಮಾಡಿಸುವುದು ವಿಜ್ಞಾನಿಗಳಿಗೆ ಕಷ್ಟವಾಗಿದೆ. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಆರಂಭವಾದ ಸಿ4 ಭತ್ತದ ಯೋಜನೆಯನ್ನು ನಂತರ ಆಕ್ಸ್‌ಫರ್ಡ್‌ನ ಜೇನ್ ಲ್ಯಾಂಗ್ಡೇಲ್ ಮುನ್ನಡೆಸಿದರು. ಮೆಕ್ಕೆಜೋಳದ ಗೋಲ್ಡನ್2 ಬಗೆಯ ವಂಶವಾಹಿಗಳನ್ನು ಸೇರಿಸಿದಾಗ ಭತ್ತದ ಪೇಲವ ಕವಚಕೋಶಗಳಲ್ಲಿ ಕ್ಲೋರೋಪ್ಲಾಸ್ಟುಗಳು ಹೆಚ್ಚಿದವು. ಅದು 2017ರ ಸುದ್ದಿ. 2021ರಲ್ಲಿ ಮಾರ್ಗದ ಐದು ಕಿಣ್ವಗಳನ್ನು ಒಟ್ಟಿಗೇ ಸೇರಿಸಲಾಯಿತು. ಕಿಣ್ವಗಳು ತಯಾರಾದವು, ಆದರೆ ಇಂಗಾಲ ಹೆಚ್ಚಿನಂಶ ಹಳೆಯ ದಾರಿಯಲ್ಲೇ ಹರಿಯಿತು. ಎಂಟು ಕೋಶಗಳ ಅಂತರವನ್ನು ಎರಡಕ್ಕಿಳಿಸಿ ನರಗಳನ್ನು ಹತ್ತಿರ ತರುವ ಕೆಲಸ ಇನ್ನೂ ಬಾಕಿ ಇದೆ.